ಮಾರಿಕುಪ್ಪಂ ರೈಲು, ಆರ್ಕುಟ್ ಸ್ಕ್ರ್ಯಾಪು

ಇವತ್ತು ಮೊಬೈಲಿನಲ್ಲಿ ‘ಕೆಜಿಎಫ್’ ಅಂತ ಹುಡುಕಿದರೆ ಮೊದಲು ಕಾಣುವುದು ಗಡ್ಡ ಬಿಟ್ಟ ಯಶ್. 2018ರ ಡಿಸೆಂಬರ್ 21ರಂದು ಮೊದಲ ಭಾಗ, 2022ರ ಏಪ್ರಿಲ್ 14ರಂದು ಎರಡನೇ ಭಾಗ ಬಂದ ಮೇಲೆ ಕೋಲಾರದ ಚಿನ್ನದ ಗಣಿಯ ಊರಿನ ಹೆಸರು ಸಿನಿಮಾದ ಪಾಲಾಗಿದೆ. ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡದ ಮೇಲೆ ನಿಂತು ರೀಲ್ಸ್ ಮಾಡುವ ಊರಿನ ಹುಡುಗರೂ ಹಿನ್ನೆಲೆಗೆ ಅದೇ ಸಿನಿಮಾದ ಸಂಗೀತ ಹಾಕಿಕೊಳ್ಳುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ವ್ಯೂಸ್ ಬರುವುದು ಅದಕ್ಕೇ. ಆದರೆ ಇಪ್ಪತ್ತು ವರ್ಷದ ಹಿಂದೆ ಲೆಕ್ಕ ಬೇರೆ ಇತ್ತು. ಆಗ ಇಂಟರ್‌ನೆಟ್ಟಿನ ಕೆಜಿಎಫ್ ಎಂದರೆ ಗಣಿ ಕಾರ್ಮಿಕರ ಮಕ್ಕಳು ತಾವಾಗಿ ಬರೆದುಕೊಂಡ ಕೆಜಿಎಫ್. ಓದಿದ ಶಾಲೆ, ಹುಟ್ಟಿದ ಲೈನು, ಚರ್ಚಿನ ಹಬ್ಬ, ಫುಟ್‌ಬಾಲ್ ಮ್ಯಾಚು, ಬೆಳಗಿನ ರೈಲು. ಆ ಬರಹವೆಲ್ಲ ಹೇಗೆ ಹುಟ್ಟಿತು, ಎಲ್ಲಿಗೆ ಹೋಯಿತು ಎಂಬುದನ್ನು ಯಾರೂ ಸರಿಯಾಗಿ ಕೇಳಿದಂತಿಲ್ಲ.

ಎರಡು ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕೆಜಿಎಫ್‌ನ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ್ದು 2001ರ ಫೆಬ್ರವರಿ 28. ಗೂಗಲ್‌ನ ಎಂಜಿನಿಯರ್ ಆರ್ಕುಟ್ ಬುಯುಕ್ಕೊಕ್ಟೆನ್ ತನ್ನದೇ ಹೆಸರಿನ ಸಾಮಾಜಿಕ ಜಾಲತಾಣ ಶುರುಮಾಡಿದ್ದು 2004ರ ಜನವರಿ. ನಡುವಿನದು ಮೂರು ವರ್ಷಕ್ಕೂ ಕಡಿಮೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ನೂರಿಪ್ಪತ್ತು ವರ್ಷ ಒಂದೇ ಕಸುಬಿನ ಸುತ್ತ ಬೆಳೆದ ಊರದು. ಸುಮಾರು 800 ಟನ್ ಚಿನ್ನ ತೆಗೆದ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ ನಿಂತಾಗ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಕೆಲಸ ಒಂದೇ ಏಟಿಗೆ ಹೋಯಿತು. ಅಪ್ಪಂದಿರು ಪರಿಹಾರದ ಲೆಕ್ಕ, ಕೋರ್ಟು ಕಚೇರಿ ಅಂತ ಓಡಾಡುತ್ತಿದ್ದರು. ಮಕ್ಕಳು ಪಾಸು ಮಾಡಿಸಿಕೊಂಡು ರೈಲು ಹತ್ತಿದರು.

ಆ ರೈಲಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಕೆಜಿಎಫ್‌ನ ಆರ್ಕುಟ್ ಅರ್ಥವಾಗುವುದು ರೈಲಿನ ಮೂಲಕವೇ. 1894ರಲ್ಲಿ ಬ್ರಿಟಿಷರು ಗಣಿಗಾಗಿ ಹಾಕಿದ ಹದಿನಾರು ಕಿಲೋಮೀಟರಿನ ಕವಲು ದಾರಿ ಅದು. ಮಾರಿಕುಪ್ಪಂನಲ್ಲಿ ಹುಟ್ಟಿ ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆಯಲ್ಲಿ ದೊಡ್ಡ ಲೈನಿಗೆ ಸೇರುತ್ತದೆ. ಅಲ್ಲಿಂದ ಬೆಂಗಳೂರಿಗೆ ಇನ್ನೂ ಎಪ್ಪತ್ತು ಕಿಲೋಮೀಟರು. ಕತ್ತಲೆಯಲ್ಲಿ ಹೊರಟವರು ಕತ್ತಲೆಯಲ್ಲೇ ಮನೆ ಸೇರಬೇಕು. ಗಾರ್ಮೆಂಟ್ಸ್, ಸೆಕ್ಯೂರಿಟಿ, ಆಸ್ಪತ್ರೆ, ಹೋಟೆಲು, ಆಮೇಲಾಮೇಲೆ ಕಾಲ್ ಸೆಂಟರ್. ಇಂಗ್ಲಿಷ್ ಮಾತಾಡಬಲ್ಲ ಕೆಜಿಎಫ್ ಹುಡುಗರಿಗೆ ಕಾಲ್ ಸೆಂಟರ್ ಒಲಿದದ್ದು ಸಹಜವೇ. ಕಂಪನಿಯ ಕಾಲದ ಕಾನ್ವೆಂಟುಗಳು, ಆಂಗ್ಲೋ-ಇಂಡಿಯನ್ ಟೀಚರುಗಳು ಬಿಟ್ಟುಹೋದ ಆಸ್ತಿ ಅದೊಂದೇ.

ರಾತ್ರಿಪಾಳಿ ಕಾಲ್ ಸೆಂಟರಿನಲ್ಲಿ ಕೂತವನಿಗೆ ಎರಡು ಸಿಕ್ಕವು: ತಿಂಗಳ ಸಂಬಳ ಮತ್ತು ಇಂಟರ್‌ನೆಟ್ಟು. ಆರ್ಕುಟ್ಟಿಗೆ ಮೊದಲ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದವರು ಕರೆದರೆ ಮಾತ್ರ ಪ್ರವೇಶ; 2006ರ ಅಕ್ಟೋಬರಿನಲ್ಲಷ್ಟೇ ಬಾಗಿಲು ಎಲ್ಲರಿಗೂ ತೆರೆಯಿತು. ಹಾಗಾಗಿ ಬೆಂಗಳೂರಿನಲ್ಲಿ ಮೊದಲು ಒಳಹೊಕ್ಕವನು ಊರಿನಲ್ಲಿದ್ದ ತಮ್ಮನಿಗೆ ‘ಇನ್ವೈಟ್’ ಕಳಿಸುತ್ತಿದ್ದ. ತಮ್ಮ ಕ್ಲಾಸ್‌ಮೇಟಿಗೆ, ಕ್ಲಾಸ್‌ಮೇಟು ಲೈನಿನ ಪಕ್ಕದ ಮನೆಯವನಿಗೆ. ದೊಡ್ಡ ಊರುಗಳಲ್ಲಿ ಅಪರಿಚಿತರನ್ನು ಪರಿಚಯ ಮಾಡಿಕೊಳ್ಳಲು ಬಳಕೆಯಾದ ತಾಣ ಕೆಜಿಎಫ್‌ನಲ್ಲಿ ಗೊತ್ತಿದ್ದವರನ್ನೇ ಮತ್ತೆ ಕೂಡಿಸಿತು. ಗಣಿ ಮುಚ್ಚಿ ಚೆದುರಿಹೋದ ಲೈನು ಪರದೆಯ ಮೇಲೆ ಮತ್ತೆ ಸೇರಿತು ಎಂದರೆ ಉತ್ಪ್ರೇಕ್ಷೆಯಲ್ಲ. ಲೈನು ಎಂದರೆ ಗಣಿ ಕಂಪನಿ ಕಾರ್ಮಿಕರಿಗೆ ಕಟ್ಟಿಸಿದ ಸಾಲುಮನೆಗಳು. ಒಂದೇ ಗೋಡೆಯ ಆಚೆ ಈಚೆ ಎರಡು ಸಂಸಾರ, ಎಲ್ಲರಿಗೂ ಒಂದೇ ನಲ್ಲಿ. ಒಬ್ಬರ ಜಗಳ ಇನ್ನೊಬ್ಬರಿಗೆ ಕೇಳದೆ ಇರುವುದಿಲ್ಲ. ಒಬ್ಬರಿಗೊಬ್ಬರು ಸಂದೇಶ ಬರೆಯುತ್ತಿದ್ದ ಆರ್ಕುಟ್‌ನ ಸ್ಕ್ರ್ಯಾಪ್‌ಬುಕ್ಕೂ ಅಂಥದ್ದೇ. ನಿಮಗೆ ನಾನು ಬರೆದದ್ದನ್ನು ಊರವರೆಲ್ಲ ಓದಬಹುದಿತ್ತು. ಗುಟ್ಟಿನ ಅಭ್ಯಾಸವಿಲ್ಲದ ಜನಕ್ಕೆ ಅದು ತೊಂದರೆ ಅನಿಸಲೇ ಇಲ್ಲ, ಕನಿಷ್ಠ ಗಂಡುಹುಡುಗರಿಗೆ.

ಈಗಿನವರಿಗೆ ಆ ತಾಣದ ವಿಚಿತ್ರಗಳನ್ನು ವಿವರಿಸುವುದು ಕಷ್ಟ. ಗೆಳೆಯನಿಗೆ ಎಷ್ಟು ನಂಬಿಕಸ್ಥ, ಎಷ್ಟು ‘ಕೂಲ್’, ಎಷ್ಟು ‘ಸೆಕ್ಸಿ’ ಅಂತ ಅಂಕ ಕೊಡಬಹುದಿತ್ತು. ನಂಬಿಕೆಗೆ ನಗುಮುಖ, ಕೂಲ್‌ಗೆ ಐಸ್ ಗಡ್ಡೆ, ಮೂರನೆಯದಕ್ಕೆ ಹೃದಯ. ನಿಮ್ಮ ಪುಟಕ್ಕೆ ಯಾರು ಬಂದು ಇಣುಕಿ ಹೋದರೆಂದು ಹೆಸರು ಸಹಿತ ತೋರಿಸುತ್ತಿತ್ತು. ಎಷ್ಟು ಪ್ರೇಮಗಳು ಅಲ್ಲಿಂದ ಶುರುವಾದವೋ, ಎಷ್ಟು ಅಲ್ಲೇ ಮುರಿದುಬಿದ್ದವೋ. ‘ಟೆಸ್ಟಿಮೋನಿಯಲ್’ ಎಂಬ ಇನ್ನೊಂದು ಪದ್ಧತಿ: ನಿಮ್ಮನ್ನು ಹೊಗಳಿ ಗೆಳೆಯ ನಾಲ್ಕು ಸಾಲು ಬರೆಯಬೇಕು, ಅದನ್ನು ನೀವೇ ಒಪ್ಪಿ ಪ್ರಕಟಿಸಬೇಕು. ಸರ್ವರು ಕೈಕೊಟ್ಟಾಗ ಬರುತ್ತಿದ್ದ ‘ಬ್ಯಾಡ್, ಬ್ಯಾಡ್ ಸರ್ವರ್, ನೋ ಡೋನಟ್ ಫಾರ್ ಯೂ’ ಎಂಬ ಸಂದೇಶ ಒಂದು ಇಡೀ ತಲೆಮಾರಿಗೆ ಬಾಯಿಪಾಠ. ಡೋನಟ್ ಎಂಬುದು ಏನೆಂದು ಆಗ ನಮ್ಮಲ್ಲಿ ಯಾರು ಕಂಡಿದ್ದರು? ಸದಸ್ಯರಾಗಲು ಹದಿನೆಂಟು ತುಂಬಿರಬೇಕೆಂಬ ನಿಯಮವಿತ್ತು. ಹೈಸ್ಕೂಲಿನ ಹುಡುಗರೆಲ್ಲ ಇಸವಿ ತಿದ್ದಿ ದೊಡ್ಡವರಾದರು.

ಇನ್ನು ಸೈಬರ್ ಕೆಫೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಅಂಗಡಿ ಸಾಲಿನಲ್ಲಿ, ಬಂಗಾರಪೇಟೆಯ ಸ್ಟೇಷನ್ ಕಡೆಯ ಬೀದಿಯಲ್ಲಿ ಕಾಣುತ್ತಿದ್ದ ಕೆಫೆಗಳದು ಒಂದೇ ನಕ್ಷೆ. ಮುಂದುಗಡೆ ಜೆರಾಕ್ಸ್ ಮೆಷಿನ್ನು, ಎಸ್‌ಟಿಡಿ ಬೂತಿನ ಗಾಜಿನ ಡಬ್ಬಿ. ಹಿಂದುಗಡೆ ಪ್ಲೈವುಡ್ ಗೂಡುಗಳು. ಕೀಬೋರ್ಡಿನಲ್ಲಿ ‘ಎ’ ಮತ್ತು ‘ಇ’ ಸವೆದು ಬಿಳಿ ಗುರುತೂ ಉಳಿದಿರುತ್ತಿರಲಿಲ್ಲ. ಕರೆಂಟು ಹೋದರೆ ಯುಪಿಎಸ್ ಕೀಂ ಕೀಂ ಅನ್ನುತ್ತಿತ್ತು, ‘ಸೇವ್ ಮಾಡ್ಕೊಳ್ರಪ್ಪಾ’ ಅಂತ ಓನರಣ್ಣ ಕೂಗುತ್ತಿದ್ದ. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರು ತಂತಿ ಎಳೆಸಿಕೊಂಡು ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ವಿದ್ಯುತ್ ಕಂಡ ಊರು ಇದು. ನೂರು ವರ್ಷದ ನಂತರ ಅಲ್ಲಿನ ಹುಡುಗ ಅರ್ಧ ಬರೆದ ಸ್ಕ್ರ್ಯಾಪು ಕಳೆದುಕೊಂಡು ಕರೆಂಟಿಗೆ ಬೈಯುತ್ತಿದ್ದ.

ಮೇಜಿನ ಮೇಲೆ ಒಂದು ಉದ್ದನೆ ರಿಜಿಸ್ಟರ್ ಪುಸ್ತಕ. ಹೆಸರು, ವಿಳಾಸ, ಬಂದ ಹೊತ್ತು, ಹೋದ ಹೊತ್ತು, ಸಹಿ. ಇದು ಓನರಣ್ಣನ ಶಿಸ್ತಲ್ಲ. 2004ರ ಕರ್ನಾಟಕ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಕೆಫೆಗೆ ಬಂದವರ ಗುರುತು ಬರೆದಿಡಬೇಕಿತ್ತು. 2011ರಲ್ಲಿ ಕೇಂದ್ರ ಸರ್ಕಾರ ಇನ್ನೂ ಬಿಗಿ ಮಾಡಿತು: ಗೂಡಿನ ಗೋಡೆ ನಾಲ್ಕೂವರೆ ಅಡಿ ಮೀರಬಾರದು, ದಾಖಲೆ ಒಂದು ವರ್ಷ ಇರಬೇಕು. ಕಾಗದದ ಮೇಲೆ ಸರಿ. ನಿಜದಲ್ಲಿ ಆ ಪುಸ್ತಕ ತುಂಬ ರಜನೀಕಾಂತು, ಶಾರುಖ್ ಖಾನು, ‘ಚಾಂಪಿಯನ್ ರೀಫ್ಸ್’ ಎಂಬಷ್ಟೇ ವಿಳಾಸಗಳು. ಗುರುತಿನ ವಿಷಯ ಬರೀ ತಮಾಷೆಯೂ ಆಗಿರಲಿಲ್ಲ. 2007ರಲ್ಲಿ ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಮಾನಿಸಿದ ಪ್ರಕರಣದಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಪುಣೆ ಪೊಲೀಸರು ಹಿಡಿದುಕೊಂಡು ಹೋದರು. ಇಂಟರ್‌ನೆಟ್ ಸಂಪರ್ಕದ ಐಪಿ ವಿಳಾಸ ತಪ್ಪಾಗಿ ಬೇರೊಬ್ಬರ ತಲೆಗೆ ಬಿದ್ದಿತ್ತು. ತಾನು ಮಾಡದ ತಪ್ಪಿಗೆ ಆತ ಐವತ್ತು ದಿನ ಜೈಲಿನಲ್ಲಿದ್ದ. ಪತ್ರಿಕೆಗಳಲ್ಲಿ ಇದು ಬಂದಾಗ ಮನೆಗಳಲ್ಲಿ ಅಮ್ಮಂದಿರು ಆರ್ಕುಟ್ ಎಂದರೇನೆಂದು ಮೊದಲ ಸಲ ಕೇಳಿರಬೇಕು.

ಹೆಣ್ಣುಮಕ್ಕಳ ವಿಷಯ ಬೇರೆಯೇ. ಆ ಗೂಡುಗಳಲ್ಲಿ ಒಬ್ಬಳೇ ಹೋಗಿ ಕೂರುವುದು ಸಲೀಸಿರಲಿಲ್ಲ. ಇಬ್ಬರು ಮೂವರು ಸೇರಿ ಒಂದೇ ಕುರ್ಚಿಯ ಸುತ್ತ ನಿಲ್ಲುತ್ತಿದ್ದರು. ಪ್ರೊಫೈಲಿಗೆ ತಮ್ಮ ಫೋಟೋ ಹಾಕಿದವರು ಕಡಿಮೆ. ಗುಲಾಬಿ ಹೂವು, ಅಳುವ ಮಗು, ಇಲ್ಲವೇ ಸಿನಿಮಾ ನಟಿಯ ಮುಖ. ಸ್ಕ್ರ್ಯಾಪು ಓದಿದ ತಕ್ಷಣ ಅಳಿಸುವುದು ಅವರು ಕಂಡುಕೊಂಡ ಉಪಾಯ, ಯಾಕೆಂದರೆ ಅಣ್ಣನೂ ಅದೇ ಪುಟ ನೋಡಬಲ್ಲ. ಆ ಕಾಲದ ಆರ್ಕುಟ್ ಪೂರ್ತಿ ಉಳಿದಿದ್ದರೂ ಅದರಲ್ಲಿ ಈ ಹುಡುಗಿಯರ ಪಾಲು ಖಾಲಿಯೇ ಇರುತ್ತಿತ್ತು. ‘ಆ ದಿನಗಳು ಎಷ್ಟು ಮುಗ್ಧ’ ಎಂದು ಬರೆಯುವ ಗಂಡಸರು ಇದನ್ನು ಮರೆತೇ ಬರೆಯುತ್ತಾರೆ.

ಅಲ್ಲಿ ಬರೆಯುತ್ತಿದ್ದ ಭಾಷೆ ಯಾವುದು? ಇದು ನನಗೆ ಎಲ್ಲಕ್ಕಿಂತ ಸ್ವಾರಸ್ಯದ ಭಾಗ. ಗಣಿಗೆ ದುಡಿಯಲು ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯ ತಮಿಳು, ತೆಲುಗು ಮಾತಾಡುವ ದಲಿತ ಕುಟುಂಬಗಳು. ಪೇಟೆಯಲ್ಲಿ ದಖನಿ ಉರ್ದು, ಸುತ್ತಲ ಹಳ್ಳಿಗಳಲ್ಲಿ ತೆಲುಗು ಬೆರೆತ ಕೋಲಾರದ ಕನ್ನಡ, ಬಂಗ್ಲೆಗಳಲ್ಲಿ ಇಂಗ್ಲಿಷು. ಹುಡುಗರ ಬಾಯಲ್ಲಿ ಇವೆಲ್ಲ ಒಂದೇ ವಾಕ್ಯದಲ್ಲಿ ಬರುತ್ತವೆ. ‘ಮಚ್ಚಾ, ಟ್ರೈನ್ ಲೇಟ್ ಡಾ, ಬಂಗಾರಪೇಟ್‌ಲ ನಿಕ್ಕುದು’ ಎಂಬಂಥ ತಮಿಳಿಗೆ ‘ಸಂಡೇ ಊರಿಗ್ ಬರಲ್ವೇನೋ ಮಗಾ’ ಎಂಬಂಥ ಕನ್ನಡ ಉತ್ತರ. ಇಂಥ ಮಾತನ್ನು ಶಾಲೆಯಲ್ಲಿ ಯಾರೂ ಬರೆಸಿರಲಿಲ್ಲ. ಕನ್ನಡ ಮೇಷ್ಟ್ರು ಇದನ್ನು ಕನ್ನಡ ಅನ್ನುವುದಿಲ್ಲ, ತಮಿಳು ಮೇಷ್ಟ್ರು ತಮಿಳು ಅನ್ನುವುದಿಲ್ಲ.

ಬರೆದದ್ದು ಇಂಗ್ಲಿಷ್ ಅಕ್ಷರದಲ್ಲಿ. ಅದಕ್ಕೆ ಮಾತೃಭಾಷೆಯ ಮೇಲಿನ ಅಸಡ್ಡೆ ಕಾರಣ ಎಂದು ಬೈದವರಿದ್ದಾರೆ. ಅದಕ್ಕಿಂತ ಮೊದಲು ಯಂತ್ರವನ್ನು ನೋಡಬೇಕು. ಕೆಫೆಗಳಲ್ಲಿ ಇದ್ದದ್ದು ವಿಂಡೋಸ್ 98 ಇಲ್ಲವೇ ಎಕ್ಸ್‌ಪಿ. ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಇತ್ತು ನಿಜ, ಆದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾರತೀಯ ಲಿಪಿಗಳ ಆಯ್ಕೆಗೆ ಟಿಕ್ ಹಾಕಿ, ಮೂಲ ಸಿಡಿ ತುರುಕಿದರೆ ಮಾತ್ರ ಒತ್ತಕ್ಷರ ಗುಣಿತ ಸರಿಯಾಗಿ ಕೂಡುತ್ತಿದ್ದವು. ಗಂಟೆಗೆ ಹತ್ತಿಪ್ಪತ್ತು ರೂಪಾಯಿ ಎಣಿಸುವ ಓನರಣ್ಣ ಆ ಗೋಜಿಗೆ ಯಾಕೆ ಹೋಗುತ್ತಾನೆ? ಹೋಗದಿದ್ದರೆ ಪರದೆ ತುಂಬ ಬರೀ ಚೌಕ ಚೌಕ. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳು ಇದ್ದವಲ್ಲ ಅನ್ನಬಹುದು. ಅವು ಆಗ ಹೆಚ್ಚಾಗಿ ಡಿಟಿಪಿ ಅಂಗಡಿಯ ಸಾಧನಗಳು. ಅವುಗಳ ಹಳೆಯ ಫಾಂಟಿನಲ್ಲಿ ಕುಟ್ಟಿದ ಕನ್ನಡ ಕಂಪ್ಯೂಟರಿನ ಪಾಲಿಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ಆ ಫಾಂಟು ಇಲ್ಲದ ಕಡೆ ಅಂಟಿಸಿದರೆ ಏನೇನೋ ಚಿಹ್ನೆಗಳು ಮೂಡುತ್ತಿದ್ದವು. ಆರ್ಕುಟ್ ಮುಂದೆ ಕನ್ನಡ, ತಮಿಳು, ತೆಲುಗಿನಲ್ಲೂ ತನ್ನ ಪುಟ ತೋರಿಸತೊಡಗಿತು. ಅಷ್ಟು ಹೊತ್ತಿಗೆ ಕೈ ಇಂಗ್ಲಿಷ್ ಅಕ್ಷರಕ್ಕೆ ಒಗ್ಗಿಹೋಗಿತ್ತು. ಇದರಿಂದ ಕೆಜಿಎಫ್‌ನಂಥ ಊರಿಗೆ ಯಾರೂ ಎಣಿಸದ ಅನುಕೂಲವೊಂದು ಆಯಿತು: ಕನ್ನಡ ಲಿಪಿ ಬಾರದ ತಮಿಳು ಮೀಡಿಯಂ ಹುಡುಗ, ತಮಿಳು ಲಿಪಿ ಬಾರದ ಕನ್ನಡ ಮೀಡಿಯಂ ಹುಡುಗ ಒಂದೇ ಪುಟದಲ್ಲಿ ಒಬ್ಬರನ್ನೊಬ್ಬರು ಓದಬಲ್ಲವರಾದರು. ಲಿಪಿಯ ಶುದ್ಧಿ ಹೋಯಿತೆಂದು ಕೊರಗುವವರ ಜತೆ ಈ ಒಂದು ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ.

ಇದು ನಮ್ಮೊಬ್ಬರ ಕತೆಯಲ್ಲ. ಮಲೇಷ್ಯಾದ ಮಲಯ್ ಯುವಕರು ಅದೇ ಕಾಲದಲ್ಲಿ ‘ಫ್ರೆಂಡ್‌ಸ್ಟರ್’ ಎಂಬ ತಾಣದಲ್ಲಿದ್ದರು. 2002ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಅಲ್ಲಿ ಸೊರಗಿ, ಆಗ್ನೇಯ ಏಷ್ಯಾದಲ್ಲಿ ಕೊಬ್ಬಿದ ತಾಣ ಅದು. ಆರ್ಕುಟ್ ಅಮೆರಿಕದಲ್ಲಿ ಕಾಲೂರದೆ ಬ್ರೆಜಿಲ್ ಮತ್ತು ಭಾರತದಲ್ಲಿ ಬೆಳೆದಂತೆಯೇ. ಮಲಯ್ ಭಾಷೆಯಲ್ಲಿ ಬಹುವಚನಕ್ಕೆ ಪದವನ್ನೇ ಎರಡು ಸಲ ಹೇಳುತ್ತಾರೆ. ಗೆಳೆಯ ‘ಕಾವಾನ್’, ಗೆಳೆಯರು ‘ಕಾವಾನ್-ಕಾವಾನ್’. ಹುಡುಗರು ಬೆರಳು ಸವೆಸದೆ ‘ಕಾವಾನ್2’ ಎಂದು ಬರೆದರು. ಭಾಷೆ ಕೆಡುತ್ತಿದೆ ಎಂದು ಅಲ್ಲಿನ ಹಿರಿಯರೂ ಗೊಣಗಿದರು. 2009ರ ಡಿಸೆಂಬರಿನಲ್ಲಿ ಮಲೇಷ್ಯಾದ ಕಂಪನಿಯೇ ಫ್ರೆಂಡ್‌ಸ್ಟರ್ ಅನ್ನು ಕೊಂಡುಕೊಂಡಿತು. ಇನ್ನು ನಮ್ಮದು ನಮ್ಮ ಕೈಯಲ್ಲೇ ಉಳಿಯಿತು ಅಂದುಕೊಳ್ಳುವಷ್ಟರಲ್ಲಿ, 2011ರಲ್ಲಿ ಹಳೆಯ ಫೋಟೋ, ಸಂದೇಶ, ಬರಹಗಳನ್ನೆಲ್ಲ ಅಳಿಸಿ ಅದನ್ನು ಗೇಮ್ ಆಡುವ ತಾಣವಾಗಿ ಬದಲಿಸಿದರು. ಯಜಮಾನ ಊರಿನವನೇ ಆದರೆ ದಾಖಲೆ ಉಳಿಯುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ.

ನಮ್ಮಲ್ಲಿ ಮುಗಿದದ್ದು ಹೀಗೆ. 2010ರ ಜುಲೈ ಹೊತ್ತಿಗೆ ಭಾರತದಲ್ಲಿ ಫೇಸ್‌ಬುಕ್ ಆರ್ಕುಟ್ಟನ್ನು ಹಿಂದೆ ಹಾಕಿತು. ಕೈಗೆಟುಕುವ ಮೊಬೈಲಿನಲ್ಲಿ ಒಪೆರಾ ಮಿನಿ ಹಾಕಿಕೊಂಡು ರೈಲಿನಲ್ಲೇ ಫೇಸ್‌ಬುಕ್ ನೋಡುವುದು ಸಾಧ್ಯವಾಯಿತು. ಕೆಫೆಯ ಗೂಡುಗಳು ಒಂದೊಂದಾಗಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಗಳಾದವು. ಆಮೇಲೆ ವಾಟ್ಸ್ಆ್ಯಪ್. ಲೈನಿನವರು, ಬೋಗಿಯವರು ಬೇರೆ ಬೇರೆ ಗ್ರೂಪುಗಳಾದರು. ಆಸ್ಟ್ರೇಲಿಯಾ ಸೇರಿದ ಹಳೇ ಆಂಗ್ಲೋ-ಇಂಡಿಯನ್ ಮನೆಯವರೊಬ್ಬರು ಊರಿನ ಹೆಸರಿನ ಆರ್ಕುಟ್ ಕಮ್ಯುನಿಟಿಗೆ ಬಂದು ‘ನಮ್ಮ ಬಂಗ್ಲೆಯ ಮುಂದಿನ ಮರ ಇದೆಯಾ’ ಎಂದು ಕೇಳಬಹುದಾಗಿದ್ದ ಜಾಗ ವಾಟ್ಸ್ಆ್ಯಪಿನಲ್ಲಿ ಇಲ್ಲ. ಅಲ್ಲಿ ನಂಬರ್ ಇದ್ದರಷ್ಟೇ ಪ್ರವೇಶ. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ಬೇಕಾದವರು ತಮ್ಮ ಸ್ಕ್ರ್ಯಾಪು, ಫೋಟೋಗಳನ್ನು ಇಳಿಸಿಕೊಳ್ಳಲು 2016ರವರೆಗೆ ಅವಕಾಶವಿತ್ತು. ಸಾರ್ವಜನಿಕ ಕಮ್ಯುನಿಟಿಗಳ ಪ್ರತಿಯನ್ನು ಗೂಗಲ್ 2017ರ ಮೇವರೆಗೆ ಇಟ್ಟು ತೆಗೆಯಿತು. ಇದನ್ನೆಲ್ಲ ತಿಳಿಸುವ ಸೂಚನೆಗಳು ಬಂದದ್ದು ಯಾರೂ ತೆರೆಯದ ಮೇಲ್ ಪೆಟ್ಟಿಗೆಗಳಿಗೆ.

ಹೋದರೆ ಹೋಗಲಿ, ಹುಡುಗಾಟದ ಮಾತು ತಾನೇ ಅನ್ನಬಹುದು. ಅಲ್ಲಿ ಹೆಚ್ಚಿನದು ‘ಹಾಯ್’, ‘ಊಟ ಆಯ್ತಾ’ ಎಂಬುದೂ ನಿಜ. ಆದರೂ ಇದೇ ಕೆಜಿಎಫ್‌ನ ಇನ್ನೊಂದು ಬರಹದ ಗತಿ ನೋಡಿ. 1907ರಲ್ಲಿ ಮದರಾಸಿನಲ್ಲಿ ಅಯೋತಿ ದಾಸ ಪಂಡಿತರು ಒಂದು ಪೈಸೆಯ ವಾರಪತ್ರಿಕೆ ಶುರುಮಾಡಿದರು, ಹೆಸರು ‘ತಮಿಳನ್’. ಜಾತಿಯನ್ನು ಧಿಕ್ಕರಿಸಿ ಬೌದ್ಧ ಧರ್ಮದ ಕಡೆ ಹೊರಳಿದ ಜನರ ಪತ್ರಿಕೆ ಅದು. ಕೆಜಿಎಫ್‌ನ ಗಣಿ ಕಾರ್ಮಿಕರು ಅದರ ಗಟ್ಟಿ ಓದುಗರು. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗಳಲ್ಲಿ ಬೌದ್ಧ ಸಂಘಗಳಿದ್ದವು. 1914ರಲ್ಲಿ ಪಂಡಿತರು ತೀರಿಕೊಂಡರು. 1926ರಲ್ಲಿ ಅದೇ ಬೌದ್ಧ ಚಳವಳಿಯ ಅಪ್ಪಾದುರೈ ಅವರು ‘ತಮಿಳನ್’ ಪತ್ರಿಕೆಯನ್ನು ಕೆಜಿಎಫ್‌ನಿಂದಲೇ ಮತ್ತೆ ಹೊರಡಿಸಿದರು. ಪಂಡಿತರ ಬರಹಗಳ ಪುಸ್ತಿಕೆಗಳನ್ನು ಅಲ್ಲಿನ ಸಿದ್ಧಾರ್ಥ ಪುಸ್ತಕಶಾಲೆ ಅಚ್ಚು ಹಾಕಿತು. ದಶಕಗಳು ಕಳೆದ ಮೇಲೆ, 1999ರಲ್ಲಿ, ಸಂಶೋಧಕ ಜಿ. ಅಲೋಷಿಯಸ್ ಅಯೋತಿ ದಾಸರ ಬರಹಗಳನ್ನು ಸಂಪುಟಗಳಾಗಿ ತರಲು ಸಾಧ್ಯವಾದದ್ದು ಯಾರ್‍ಯಾರೋ ಹಳೇ ಸಂಚಿಕೆಗಳನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರಿಂದ. ಇವತ್ತು ಆ ಸಂಪುಟಗಳಿಲ್ಲದೆ ದಕ್ಷಿಣ ಭಾರತದ ದಲಿತ ಚಿಂತನೆಯ ಚರಿತ್ರೆ ಬರೆಯಲಾಗದು.

ಗಣಿಯ ಪಾಳಿ ಮುಗಿಸಿ ಬಂದ ಕಾರ್ಮಿಕ ನೂರು ವರ್ಷದ ಹಿಂದೆ ಓದಿದ್ದನ್ನು ನಾವು ಓದಬಹುದು. ಅವನ ಮರಿಮಗ 2006ರಲ್ಲಿ ಬರೆದದ್ದನ್ನು ಓದಲಾರೆವು. ಎರಡರ ತೂಕ ಒಂದೇ ಅನ್ನುತ್ತಿಲ್ಲ. ಆದರೆ ಗಣಿ ಮುಚ್ಚಿದ ಮೊದಲ ಹತ್ತು ವರ್ಷ ಆ ಊರಿನ ಯುವಕರು ಏನು ಅಂದುಕೊಂಡರು, ಯಾವ ಕೆಲಸಕ್ಕೆ ಯಾರನ್ನು ಕೇಳಿದರು, ಪರಿಹಾರದ ದುಡ್ಡಿನಲ್ಲಿ ಯಾರ ಮನೆಗೆ ಕಂಪ್ಯೂಟರ್ ಬಂತು, ರೈಲಿಗೆ ಇನ್ನೊಂದು ಬೋಗಿ ಬೇಕೆಂದು ಹೇಗೆ ಕೂಗಾಡಿದರು ಎಂಬುದಕ್ಕೆ ಅವರೇ ಬರೆದ ಸಾಕ್ಷಿ ಇನ್ನೆಲ್ಲಿದೆ? ಪತ್ರಿಕೆಯವರಾದ ನಾವು ಮುಚ್ಚಿದ ಗಣಿ, ಸೈನೈಡ್ ಧೂಳು, ಮತ್ತೆ ತೆರೆಯುವ ಭರವಸೆ ಎಂಬ ಮೂರು ಸುದ್ದಿಯನ್ನೇ ತಿರುಗಿಸಿ ತಿರುಗಿಸಿ ಬರೆದೆವು. ಆ ಖಾಲಿ ಜಾಗಕ್ಕೆ ಸಿನಿಮಾ ಬಂದು ಕೂತಿತು. ತಮಿಳು ನಿರ್ದೇಶಕ ಪಾ. ರಂಜಿತ್ 2024ರಲ್ಲಿ ಇದೇ ಗಣಿಯ ಮೇಲೆ ‘ತಂಗಲಾನ್’ ಸಿನಿಮಾ ಮಾಡಿದಾಗಲೂ ಅವರು ಹೋದದ್ದು ಬ್ರಿಟಿಷರ ಕಾಲಕ್ಕೆ. ಸೀಸನ್ ಪಾಸಿನ ಹುಡುಗ ಈ ಯಾವ ಸಿನಿಮಾದಲ್ಲೂ ಇಲ್ಲ.

ಬಂಗಾರಪೇಟೆಗೆ ಈ ವಿಷಯದಲ್ಲಿ ಅದೃಷ್ಟ ಸ್ವಲ್ಪ ಚೆನ್ನಾಗಿದೆ. ನೀರಿನ ಹಾಗೇ ತಿಳಿಯಾಗಿ ಕಾಣುವ, ನಾಲಿಗೆಗೆ ಮುಟ್ಟಿದರೆ ಕಣ್ಣಲ್ಲಿ ನೀರು ತರಿಸುವ ಅಲ್ಲಿನ ಪಾನಿಪುರಿ ಯೂಟ್ಯೂಬ್, ಇನ್‌ಸ್ಟಾಗ್ರಾಂ ಹತ್ತಿ ಬೆಂಗಳೂರಿನ ಗಲ್ಲಿಗಲ್ಲಿಗೂ ಬೋರ್ಡಾಗಿ ಬಂದಿದೆ. ಊರಿನ ಹೆಸರನ್ನು ಯಾವ ಸಿನಿಮಾವೂ ಕಸಿದುಕೊಂಡಿಲ್ಲ.

ಆರ್ಕುಟ್ ಕಾಲದ ಚೂರುಪಾರು ಇನ್ನೂ ಎಲ್ಲಾದರೂ ಇದ್ದರೆ ಅದು ಎರಡು ಕಡೆ. ಒಂದು, ಮದುವೆಯ ವಿಡಿಯೋ ಜೊತೆ ಬೀರುವಿನಲ್ಲಿ ಬಿದ್ದಿರುವ ಸಿಡಿಗಳು. ಕೆಫೆಯವನಿಂದ ಫೋಟೋ ಬರೆಸಿಕೊಂಡು ತಂದವು. ಸಿಡಿಯ ಪದರ ಈಗಾಗಲೇ ಎದ್ದು ಬರತೊಡಗಿರುತ್ತದೆ. ಇನ್ನೊಂದು, ‘ನಿಮಗೊಂದು ಸ್ಕ್ರ್ಯಾಪು ಬಂದಿದೆ’ ಎಂಬ ಸೂಚನೆಗಳು, ಇನ್ವೈಟುಗಳು, ಮೇಲ್‌ನಲ್ಲೇ ಕಳಿಸಿಕೊಂಡ ಫೋಟೋಗಳು ತುಂಬಿರುವ ಹಳೆಯ ಜಿಮೇಲ್ ಖಾತೆಗಳು. ಎರಡು ವರ್ಷ ಯಾರೂ ಮುಟ್ಟದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸತೊಡಗಿದೆ. ಪಾಸ್‌ವರ್ಡ್ ನೆನಪಿದ್ದವರು ಈ ಭಾನುವಾರ ಒಮ್ಮೆ ಲಾಗಿನ್ ಆಗಿ, ‘ಟೇಕ್‌ಔಟ್’ ಎಂಬಲ್ಲಿ ಒತ್ತಿ, ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬಹುದು. ಖರ್ಚಿಲ್ಲ, ಅರ್ಧ ಗಂಟೆ ಸಾಕು.